ಪರದೇಶವಾಸವೂ ಶರಣಧರ್ಮವೂ

ಹುಟ್ಟಿದ ನಾಡನ್ನು ಬಿಟ್ಟು ಪರದೇಶದಲ್ಲಿ ನೆಲೆಸುವುದು ಶರಣಧರ್ಮಕ್ಕೆ ಸಮ್ಮತವೇ ಎಂಬ ಪ್ರಶ್ನೆಯನ್ನು ಮನ್ನಾಏಖೇಳ್ಳಿಯ ವೃದ್ಧ ಭಕ್ತರೊಬ್ಬರು ಮೊನ್ನೆ ನನ್ನ ಮುಂದಿಟ್ಟರು. ಓದಲೆಂದು ಹೈದರಾಬಾದಿಗೆ ಹೋದ ಅವರ ಏಕಮಾತ್ರ ಪುತ್ರನು ಈಗ ಅಮೆರಿಕೆಯಲ್ಲಿ ಉದ್ಯೋಗ ಹಿಡಿದು, ಅಲ್ಲಿಯೇ ನೆಲೆಸುವೆನೆಂದು ತಿಳಿಸಿದ್ದಾನೆ. “ಲಿಂಗ ಅವನ ಕೊರಳಾಗ ಅದ, ಗುರುಗಳೇ, ನಮಗ ಯಾರದಾರ?” ಎಂದು ಆ ಹಿರಿಯರು ಕೇಳಿದರು.

ಉತ್ತರವನ್ನು ದೂರ ಅರಸಬೇಕಾಗಿಲ್ಲ. ನಮ್ಮ ನೆರೆಯ ಕಲ್ಯಾಣವೇ ಊರು ಬಿಟ್ಟು ಬಂದವರಿಂದ ಬೆಳಗಿದ ಪಟ್ಟಣವು. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಬಳಿಕ ಕಲ್ಯಾಣಕ್ಕೆ ಬಂದರು. ಮರುಳಶಂಕರದೇವರು ಅಫಘಾನಿಸ್ತಾನದಿಂದಲೂ, ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದೂ ಬಂದರೆಂದು ಪರಂಪರೆಯು ಹೇಳುವುದು. ಗುಡಿಯು ಕಟ್ಟಿದಲ್ಲಿಯೇ ನಿಲ್ಲುವುದು. ಇಷ್ಟಲಿಂಗವು ಭಕ್ತನೊಡನೆ ನಡೆಯುವುದು. ಆದುದರಿಂದ ಕಡಲು ದಾಟಿದ ಮಾತ್ರಕ್ಕೆ ಧರ್ಮವು ಕೆಡುವುದೆಂಬ ಮಾತು ನಮ್ಮಲ್ಲಿ ಸಲ್ಲದು. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯು ಅನಾವರಣಗೊಂಡುದಕ್ಕೂ ಹೀಗೆ ಹೋಗಿ ನೆಲೆಸಿದವರ ಶ್ರದ್ಧೆಯೇ ಕಾರಣವಾಯಿತು.

ಆದರೆ ಹೋಗುವವನು ಏನನ್ನು ಬಯಸಿ ಹೋಗುವನೆಂಬುದು ವಿಚಾರಣೀಯವಾಗಿದೆ. ಮಾರಯ್ಯನವರು ಸಿಂಹಾಸನವನ್ನು ಬಿಟ್ಟು ಹಿಡಿದುದು ಕಟ್ಟಿಗೆಯ ಹೊರೆಯನ್ನು. ಅದನ್ನು ಮಾರಿ ಬಂದುದರಿಂದ ದಾಸೋಹವನ್ನು ನಡೆಸಿದರು. ಅಂತಹವರೇ ಒಮ್ಮೆ ಕೈಲಾಸಕ್ಕೆ ಹೋಗಬೇಕೆಂದು ಹಂಬಲಿಸಿದಾಗ, ಅವರ ಧರ್ಮಪತ್ನಿ ಮಹಾದೇವಿಯಮ್ಮನವರು, ತನ್ನಲ್ಲಿರುವ ವಸ್ತುವನ್ನು ಬೇರೊಂದು ಸ್ಥಳದಲ್ಲಿ ಹುಡುಕುವುದೇ ಭ್ರಾಂತಿಯೆಂದು ತಿಳಿಯಹೇಳಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಕೈಲಾಸದ ಬಯಕೆಯೇ ಹೀಗಿರಲು, ಡಾಲರಿನ ನಾಡನ್ನೇ ಕೈಲಾಸವೆಂದು ಬಗೆದವನ ಪಾಡೇನು? ಕಾಯಕಕ್ಕಾಗಿ ಹೋಗುವುದು ದೋಷವಲ್ಲ. ಸುಖವು ಅಲ್ಲಿ ಮಾತ್ರ ಇದೆಯೆಂದು ನಂಬುವುದು ದೋಷ.

ಇನ್ನು ಮನೆಯಲ್ಲಿ ಉಳಿದವರ ಮಾತು. ದಾಸೋಹವು ತನು, ಮನ, ಧನ ಮೂರರಿಂದಲೂ ಆಗತಕ್ಕದ್ದು. ದೂರದ ಮಗನು ಧನವನ್ನು ಸುಲಭವಾಗಿ ಕಳುಹಿಸುವನು. ಬಿದ್ದ ತಾಯಿಯನ್ನು ಎತ್ತುವ ತನುವನ್ನೂ, ತಂದೆಯ ಮಾತಿಗೆ ಕಿವಿಗೊಡುವ ಮನವನ್ನೂ ಯಾವ ಬ್ಯಾಂಕು ತಲುಪಿಸಬಲ್ಲುದು? ಈ ಋಣವನ್ನು ಎಣಿಸದೆ ಹೊರಟವನ ಲಿಂಗಪೂಜೆಯು ಅಪೂರ್ಣವೆಂದೇ ನನ್ನ ಅಭಿಪ್ರಾಯ. ಹಾಗೆಂದು ಹೆತ್ತವರು ಧರ್ಮದ ಹೆಸರು ಹೇಳಿ ಮಕ್ಕಳನ್ನು ಕಟ್ಟಿಹಾಕುವುದೂ ಸರಿಯಲ್ಲ. ಬಾಗೇವಾಡಿಯವರು ಬಾಲಕ ಬಸವರಸನನ್ನು ಕಟ್ಟಿಹಾಕಿದ್ದರೆ ಕಲ್ಯಾಣವೆಲ್ಲಿರುತ್ತಿತ್ತು?

“ಹೋಗಬೇಡವೆಂದು ಬರೆಯಬೇಡಿರಿ, ನಿಮಗೆ ಏನು ಬೇಕೆಂಬುದನ್ನು ಸಂಕೋಚವಿಲ್ಲದೆ ಬರೆಯಿರಿ. ನಿರ್ಣಯದ ಭಾರವನ್ನು ಅವನೂ ಹೊರಲಿ” ಎಂದು ನಾನು ಆ ಹಿರಿಯರಿಗೆ ಹೇಳಿದೆನು. ಅವರಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆ. ಮಕ್ಕಳನ್ನು ದೂರ ಕಳುಹಿಸಿದ ಸದ್ಭಕ್ತರೂ, ದೂರದಲ್ಲಿರುವ ಮಕ್ಕಳೂ ಈ ವಿಷಯವನ್ನು ಶಾಂತಚಿತ್ತದಿಂದ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.