ಹಬ್ಬದ ದಿನವೂ ಓಟದ ಮೈದಾನವೂ

ಡಿಸೆಂಬರ್ ತಿಂಗಳ ಕೊನೆಯ ವಾರ ನಮ್ಮ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಕರ್ಜಿಕಾಯಿ, ಚಕ್ಕುಲಿಗಳ ಡಬ್ಬಗಳು ತುಂಬುತ್ತವೆ. ದೂರದೂರಿನ ಬಂಧುಗಳು ಬಂದು ಸೇರುತ್ತಾರೆ. ಆದರೆ ವಿದ್ಯಾರ್ಥಿಗಳಾಗಿದ್ದು ಕ್ರೀಡೆಯನ್ನೂ ಕೈಗೊಂಡಿರುವ ನಮ್ಮ ಮಕ್ಕಳಿಗೆ ಇದು ಅನೇಕ ವೇಳೆ ಬಿಡುವಿಲ್ಲದ ಕಾಲ. 2020ರಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟವು ಮೂಡುಬಿದಿರೆಯಲ್ಲಿ ಜನವರಿ 2ರಂದೇ ಆರಂಭವಾಯಿತು. ಅಂದು ಓಟದ ಗೆರೆಯ ಮೇಲೆ ನಿಲ್ಲಬೇಕಾದವರಿಗೆ ಕ್ರಿಸ್ತಜಯಂತಿ ಕೇವಲ ಎಂಟು ದಿನ ಹಿಂದಿನ ಮಾತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಏಪ್ರಿಲ್ 24ರಂದು ಶುರುವಾಯಿತು. ಆ ವರ್ಷ ಪಾಸ್ಖ ಹಬ್ಬ ಬಂದದ್ದು ಏಪ್ರಿಲ್ 17ರಂದು. ನಾವು ಪವಿತ್ರ ವಾರವನ್ನು ಆಚರಿಸುತ್ತಿದ್ದಾಗ ಆ ಮಕ್ಕಳು ತಮ್ಮ ಅಂತಿಮ ಸಿದ್ಧತೆಯಲ್ಲಿದ್ದರು.

ಇಂತಹ ಹೊತ್ತಿನಲ್ಲಿ ಮನೆಯೊಳಗೆ ಒಂದು ಪ್ರಶ್ನೆ ಏಳುತ್ತದೆ. "ವರ್ಷಕ್ಕೊಮ್ಮೆ ಬರುವ ಹಬ್ಬಕ್ಕಿಂತ ನಿನಗೆ ಓಟವೇ ಹೆಚ್ಚಾಯಿತೇ?" ಎಂದು ತಾಯಿ ಕೇಳುತ್ತಾರೆ. ಅತ್ತ ತರಬೇತುದಾರರು, ಒಂದು ವಾರ ಮನೆಗೆ ಹೋಗಿ ಬಂದರೆ ಮೂರು ತಿಂಗಳ ಶ್ರಮ ಹಾಳು ಎನ್ನುತ್ತಾರೆ. ಹದಿನೆಂಟರ ವಯಸ್ಸಿನ ಮಗುವಿನ ಮನಸ್ಸು ಈ ಎರಡು ಮಾತುಗಳ ನಡುವೆ ಒದ್ದಾಡುತ್ತದೆ. ಮೈದಾನದಲ್ಲಿದ್ದರೆ ಮನೆಯವರನ್ನು ನೋಯಿಸಿದೆನೆಂಬ ಅಳುಕು, ಮನೆಯಲ್ಲಿದ್ದರೆ ತಂಡಕ್ಕೆ ದ್ರೋಹ ಬಗೆದೆನೆಂಬ ಅಳುಕು. ಇದು ಒಳಿತು ಮತ್ತು ಕೆಡುಕುಗಳ ನಡುವಿನ ಆಯ್ಕೆಯಾಗಿದ್ದರೆ ಸುಲಭವಿತ್ತು. ಎರಡು ಒಳಿತುಗಳು ಒಂದೇ ದಿನವನ್ನು ಬಯಸುವುದರಿಂದಲೇ ಇದು ಕಠಿಣವಾಗಿದೆ.

ಹಬ್ಬ ಮತ್ತು ಆಟ ಹುಟ್ಟಿನಿಂದ ವೈರಿಗಳಲ್ಲ ಎಂಬುದನ್ನು ಮೊದಲು ನೆನೆಯಬೇಕು. ಮೈಸೂರಿನ ದಸರೆಯೆಂದರೆ ಕುಸ್ತಿಯೂ ಹೌದು. ನಮ್ಮ ಅನೇಕ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದಲ್ಲಿ ಬಲಿಪೂಜೆಯ ನಂತರ ಹಗ್ಗಜಗ್ಗಾಟ ಇದ್ದೇ ಇರುತ್ತದೆ. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆಯುವಾಗ ಓಟಗಾರರ ಸಂಯಮವನ್ನೇ ಉದಾಹರಣೆಯಾಗಿ ಕೊಟ್ಟರು. ಆ ಪಟ್ಟಣದ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ಇಸ್ತಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಓಟಗಾರರು ಬಾಡಿಹೋಗುವ ಕಿರೀಟಕ್ಕಾಗಿ ಅಷ್ಟು ದಂಡಿಸಿಕೊಳ್ಳುತ್ತಾರೆಂದು ಅವರು ಹೇಳಿದರೇ ಹೊರತು ಓಡುವುದು ಪಾಪವೆಂದು ಹೇಳಲಿಲ್ಲ. ಹೀಗಿರುವಾಗ, ಮೈದಾನಕ್ಕೆ ಹೋಗುವ ಮಗುವನ್ನು ಭಕ್ತಿಯಿಲ್ಲದವನೆಂದು ಕರೆಯುವುದು ಅವಸರದ ತೀರ್ಪು.

ಈ ಇಕ್ಕಟ್ಟನ್ನು ಎದುರಿಸಿದ ವಿದ್ಯಾರ್ಥಿಗಳಲ್ಲಿ ಲೋಕವೇ ಬಲ್ಲ ಹೆಸರು ಎರಿಕ್ ಲಿಡೆಲ್. ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ದಂಪತಿಗಳ ಮಗನಾಗಿ 1902ರಲ್ಲಿ ಚೀನಾದಲ್ಲಿ ಹುಟ್ಟಿದ ಆತ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವನ ಮುಖ್ಯ ಸ್ಪರ್ಧೆಯಾಗಿದ್ದ 100 ಮೀಟರ್ ಓಟದ ಮೊದಲ ಸುತ್ತುಗಳು ಭಾನುವಾರಕ್ಕೆ ನಿಗದಿಯಾಗಿದ್ದವು. ಪ್ರಭುವಿನ ದಿನದಂದು ಓಡಲಾರೆ ಎಂದು ಲಿಡೆಲ್ ಹಿಂದೆ ಸರಿದ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆದ.

1981ರಲ್ಲಿ ಬಂದ 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರದಲ್ಲಿ, ಪ್ಯಾರಿಸ್ಸಿಗೆ ಹೊರಡಲು ಹಡಗು ಹತ್ತುವಾಗ ಅವನಿಗೆ ಈ ಸುದ್ದಿ ತಿಳಿಯುವಂತೆ ತೋರಿಸಲಾಗಿದೆ. ವಾಸ್ತವದಲ್ಲಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಆತ ಆಗಲೇ ತನ್ನ ನಿರ್ಧಾರ ತಿಳಿಸಿ, ಉಳಿದ ಅವಧಿಯಲ್ಲಿ 400 ಮೀಟರ್ ಓಟಕ್ಕೆ ಅಭ್ಯಾಸ ನಡೆಸಿದ. ನಮಗೆ ಹೆಚ್ಚು ಪಾಠವಿರುವುದು ಚಿತ್ರದ ರೋಚಕತೆಯಲ್ಲಲ್ಲ, ಈ ವಾಸ್ತವದಲ್ಲಿ. ಮನಸ್ಸಾಕ್ಷಿಗೂ ಪೂರ್ವಸಿದ್ಧತೆ ಬೇಕು. ಹಬ್ಬದ ಹಿಂದಿನ ಸಂಜೆ ಹೇಳಿದರೆ ಜಗಳವಾಗುವ ಮಾತು, ಎರಡು ತಿಂಗಳ ಮುಂಚೆ ಹೇಳಿದರೆ ಯೋಜನೆಯಾಗುತ್ತದೆ. ತರಬೇತುದಾರರಿಗೆ ಆಗ ದಾರಿ ಹುಡುಕಲು ಕಾಲಾವಕಾಶವಿರುತ್ತದೆ, ಮನೆಯವರಿಗೂ ಇರುತ್ತದೆ.

ಲಿಡೆಲ್‌ನ ಬದುಕಿನಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಘಟನೆಯಿದೆ. 1925ರಲ್ಲಿ ಆತ ಚೀನಾಕ್ಕೆ ಮರಳಿ ಶಿಕ್ಷಕನೂ ಮಿಷನರಿಯೂ ಆದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಅವನನ್ನು ಇತರ ವಿದೇಶಿಯರೊಂದಿಗೆ ಒಂದು ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲಿ ಮಕ್ಕಳಿಗೆ ಆಟ ಆಡಿಸುತ್ತಿದ್ದ ಆತ ಭಾನುವಾರ ಮಾತ್ರ ಆಡಿಸುತ್ತಿರಲಿಲ್ಲ. ಆದರೆ ನೋಡಿಕೊಳ್ಳುವವರಿಲ್ಲದೆ ಆಡಿದ ಮಕ್ಕಳು ಜಗಳಕ್ಕಿಳಿದಾಗ, ಆತ ಭಾನುವಾರವೂ ಮೈದಾನಕ್ಕೆ ಬಂದು ತೀರ್ಪುಗಾರನಾಗಿ ನಿಂತನೆಂದು ಶಿಬಿರದಲ್ಲಿದ್ದವರು ನೆನೆದಿದ್ದಾರೆ. ಒಲಿಂಪಿಕ್ ಪದಕಕ್ಕಾಗಿ ಬಿಡದ ನಿಯಮವನ್ನು ಮಕ್ಕಳ ಹಿತಕ್ಕಾಗಿ ಸಡಿಲಿಸಿದ. 1945ರ ಫೆಬ್ರವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಅದೇ ಶಿಬಿರದಲ್ಲಿ ತೀರಿಕೊಂಡ. ಸಬ್ಬತ್ ದಿನ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ಸಬ್ಬತ್ತಿಗಾಗಿ ಅಲ್ಲವೆಂಬ ಯೇಸುವಿನ ಬೋಧನೆಯ ಅರ್ಥ ಇಲ್ಲಿ ಕಾಣುತ್ತದೆ. ತನ್ನ ಲಾಭಕ್ಕಾಗಿ ನಿಯಮ ಮುರಿಯುವುದು ಬೇರೆ, ಪರರ ಹಿತಕ್ಕಾಗಿ ನಿಯಮವನ್ನು ಬಾಗಿಸುವುದು ಬೇರೆ.

ಕಥೋಲಿಕ ಧರ್ಮಸಭೆಯು ಭಾನುವಾರದ ಆಟವನ್ನು ನಿಷೇಧಿಸುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ಭಾನುವಾರಗಳಲ್ಲೂ ಕಡ್ಡಾಯ ಹಬ್ಬಗಳಲ್ಲೂ ಬಲಿಪೂಜೆಯಲ್ಲಿ ಭಾಗವಹಿಸಬೇಕು. ದೇವಾರಾಧನೆಗೆ, ಆ ದಿನದ ಆನಂದಕ್ಕೆ, ತಕ್ಕಷ್ಟು ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸಗಳಿಂದ ದೂರವಿರಬೇಕು. ಹಿಂದಿನ ಸಂಜೆಯ ಪೂಜೆಯೂ ಈ ಕರ್ತವ್ಯವನ್ನು ಪೂರೈಸುತ್ತದೆ. ಆದ್ದರಿಂದ ಬೆಳಿಗ್ಗೆ ಅಭ್ಯಾಸವಿರುವ ಮಗುವಿಗೆ ಕ್ರಿಸ್ತಜಯಂತಿಯ ಜಾಗರಣೆಯ ಪೂಜೆ ಸಾಕು. ದೇವರು ಕೇಳುವ ವೇಳೆ ಬಹಳ ಚಿಕ್ಕದು. ಅದನ್ನೂ ಕೊಡಲಾರದಷ್ಟು ಕ್ರೀಡೆ ಬೆಳೆದಿದ್ದರೆ, ಆ ಕ್ರೀಡೆ ಮಗುವಿನ ಜೀವನದಲ್ಲಿ ದೇವರ ಸ್ಥಾನಕ್ಕೆ ಏರಿದೆಯೆಂದೇ ಅರ್ಥ.

ಇನ್ನು ತರಬೇತಿಯ ಮಾತು. ಶರೀರವು ಬಲಗೊಳ್ಳುವುದು ಶ್ರಮದ ಹೊತ್ತಿನಲ್ಲಲ್ಲ, ಶ್ರಮದ ನಂತರದ ವಿಶ್ರಾಂತಿಯಲ್ಲಿ. ದಣಿದ ಸ್ನಾಯುಗಳು ತಮ್ಮನ್ನು ತಾವು ಸರಿಪಡಿಸಿಕೊಳ್ಳುವುದು ಆಗಲೇ. ಆದ್ದರಿಂದಲೇ ಒಳ್ಳೆಯ ತರಬೇತಿಯಲ್ಲಿ ವಿರಾಮದ ದಿನಗಳೂ ಇರುತ್ತವೆ. ಒಂದೆರಡು ದಿನ ಬಿಟ್ಟಮಾತ್ರಕ್ಕೆ ತಿಂಗಳುಗಳ ಸಾಮರ್ಥ್ಯ ಕರಗಿಹೋಗುವುದಿಲ್ಲ. ಹಾನಿಯಾಗುವುದು ಬಿಡುವಿನಿಂದಲ್ಲ, ನಿದ್ರೆಗೆಟ್ಟು, ಮಿತಿಮೀರಿ ತಿಂದು, ಮರುದಿನವೂ ಏಳದಿರುವುದರಿಂದ. ಆ ವಿರಾಮದ ದಿನವನ್ನು ಹಬ್ಬದ ದಿನಕ್ಕೇ ಹೊಂದಿಸಿಕೊಡುವಂತೆ ಕೇಳುವುದರಲ್ಲಿ ತಪ್ಪಿಲ್ಲ. ಕೇಳಲು ಅಂಜಬೇಕಾಗಿಯೂ ಇಲ್ಲ.

ಆದರೂ ಕೆಲವೊಮ್ಮೆ ರಜೆ ಸಿಗುವುದೇ ಇಲ್ಲ. ಆಗ ಲೂಕನ ಶುಭಸಂದೇಶವನ್ನು ತೆರೆದು ನೋಡೋಣ. ಯೇಸುವಿನ ಜನನದ ವಾರ್ತೆ ಮೊದಲು ತಲುಪಿದ್ದು ರಾತ್ರಿಯ ಕೆಲಸದಲ್ಲಿದ್ದ ಕುರುಬರಿಗೆ. ಅವರು ಮನೆಯಲ್ಲಿರಲಿಲ್ಲ, ಹೊಲದಲ್ಲಿ ಮಂದೆ ಕಾಯುತ್ತಿದ್ದರು. ಕೆಲಸದಲ್ಲಿರುವವರನ್ನು ಹುಡುಕಿಕೊಂಡು ಹಬ್ಬವೇ ಬಂದಿತು. ಅವರು ಎದ್ದು ಹೋಗಿ ಕಂಡರು, ಮತ್ತೆ ತಮ್ಮ ಕೆಲಸಕ್ಕೆ ಮರಳಿದರು. ಹಾಸ್ಟೆಲಿನಲ್ಲಿ ಹಬ್ಬ ಕಳೆಯುವ ಮಗುವಿಗೆ, ಹಾಗೆಯೇ ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಗಡಿಯಲ್ಲಿ ಅಂದು ದುಡಿಯುವ ಎಲ್ಲರಿಗೂ ಇದು ಸಾಂತ್ವನ.

ತಂದೆತಾಯಿಗಳಲ್ಲಿ ಒಂದೆರಡು ಬಿನ್ನಹ. ಮಗ ಹಬ್ಬದ ದಿನ ಅಭ್ಯಾಸಕ್ಕೆ ಹೊರಟರೆ ನೆಂಟರೆದುರು ಹೆಮ್ಮೆಪಡುವ ಮನೆಗಳು, ಮಗಳು ಹೊರಟರೆ "ಅಡುಗೆಮನೆಯ ಕೆಲಸ ಯಾರು ನೋಡುವವರು?" ಎಂದು ಕೇಳುವುದುಂಟು. ಇದು ಹಬ್ಬದ ಮೇಲಿನ ಪ್ರೀತಿಯಲ್ಲ, ಹಬ್ಬದ ಹೆಸರಿನಲ್ಲಿ ನಡೆಯುವ ಅನ್ಯಾಯ. ಮಗಳೂ ಓಡಲಿ, ಹಿಟ್ಟು ನಾದಲು ಮಗನೂ ಕೂರಲಿ. ಊಟವನ್ನು ಮಧ್ಯಾಹ್ನದಿಂದ ರಾತ್ರಿಗೆ ಮುಂದೂಡಿದರೆ ಯಾರ ಗೌರವವೂ ಕುಂದುವುದಿಲ್ಲ. ಕಾದು ಕುಳಿತ ಮನೆಗೆ ಬೆವರಿದ ಬಟ್ಟೆಯಲ್ಲೇ ಬಂದ ಮಗುವನ್ನು ಗೊಣಗಾಟವಿಲ್ಲದೆ ಬರಮಾಡಿಕೊಂಡರೆ ಅದೇ ಆ ಮಗುವಿಗೆ ಹಬ್ಬ.

ಮಕ್ಕಳಿಗೂ ಒಂದು ಮಾತು. ಓಟದ ವಯಸ್ಸು ಚಿಕ್ಕದು, ನಿಜ. ಆದರೆ ನಿಮ್ಮನ್ನು ಕಾಯುತ್ತಿರುವ ಅಜ್ಜಿಗೆ ಉಳಿದಿರುವ ಕಾಲವೂ ಚಿಕ್ಕದೇ. ಪದಕಕ್ಕೆ ಮುಂದಿನ ವರ್ಷ ಇನ್ನೊಂದು ಅವಕಾಶ ಬರಬಹುದು; ಅವರೊಡನೆ ಕೂತು ಉಣ್ಣಲು ಬಾರದಿರಬಹುದು. ಮನೆಗೆ ಎರಡು ಗಂಟೆ ಮಾತ್ರ ಬರಲು ಸಾಧ್ಯವಾದರೆ ಎರಡು ಗಂಟೆಯೇ ಬನ್ನಿ. ಬಂದಾಗ ಮೊಬೈಲನ್ನೂ ಗಡಿಯಾರವನ್ನೂ ಬದಿಗಿಟ್ಟು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಬರಲಾಗದಿದ್ದರೆ ಪೂಜೆ ಮುಗಿದೊಡನೆ ಅವರಿಗೆ ದೂರವಾಣಿ ಮಾಡಿ, ಆಶೀರ್ವಾದ ಕೇಳಿ. ಆಮೇಲೆ ಮೈದಾನಕ್ಕಿಳಿದು, ಅಳುಕಿಲ್ಲದೆ ಓಡಿ.