ಜಪದಲ್ಲಿ ಎಣಿಕೆಯೂ ಧ್ಯಾನವೂ



ಹುಬ್ಬಳ್ಳಿಯ ದುರ್ಗದಬೈಲಿನ ಸಂಜೆಯ ಗದ್ದಲವು ತಮಗೆಲ್ಲ ಪರಿಚಿತವಾದುದೇ. ಕಾಯಿಪಲ್ಲೆಯವರ ಕೂಗು, ಬಟ್ಟೆ ಅಂಗಡಿಗಳವರ ಕರೆ, ಮಿರ್ಚಿ ಗಿರ್ಮಿಟ್ಟಿನ ಗಾಡಿಗಳ ಸುತ್ತ ನೆರೆದ ಜನ. ಆ ಗದ್ದಲಕ್ಕೆ ಹೊಂದಿದ ಓಣಿಯಲ್ಲಿಯೇ ನಾವು ಬೆಳೆದೆವು. ಜಪವನ್ನು ಕಲಿತದ್ದೂ ಅಲ್ಲಿಯೇ. ಉಪನಯನವಾದ ಹೊಸದರಲ್ಲಿ ನೂರೆಂಟನ್ನು ಅತಿ ಶೀಘ್ರವಾಗಿ ಮುಗಿಸುವುದೇ ನಮ್ಮ ಹೆಮ್ಮೆಯಾಗಿತ್ತು.

ಅರ್ಚಕರಾಗಿದ್ದ ನಮ್ಮ ತೀರ್ಥರೂಪರು ಇದನ್ನು ಗಮನಿಸಿ ಒಂದು ದಿನ ಚುರಮುರಿಯ ಅಂಗಡಿಗೆ ಕರೆದೊಯ್ದರು. ಅಂಗಡಿಯವನು "ಲಾಭ, ಎರಡು, ಮೂರು" ಎಂದು ಎಣಿಸುತ್ತ ಸೇರಿನಿಂದ ಅಳೆದು ಚೀಲಕ್ಕೆ ಸುರಿಯುತ್ತಿದ್ದನು. ತೀರ್ಥರೂಪರು ಮೆಲ್ಲನೆ ಕೇಳಿದರು: "ಸೇರು ಬರಿದಾಗಿದ್ದು ಎಣಿಕೆ ಮಾತ್ರ ನಡೆದರೆ ಮನೆಗೆ ಏನನ್ನು ಒಯ್ಯುವಿ?"

ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಮಂತ್ರವನ್ನು ಬರಿಯ ಅಕ್ಷರವಾಗಿ ಕೊಟ್ಟಿಲ್ಲ. ಋಷಿ, ಛಂದಸ್ಸು, ದೇವತೆ, ಧ್ಯಾನಗಳೊಡನೆ ಕೊಟ್ಟಿದ್ದಾರೆ. ನಾರಾಯಣಾಷ್ಟಾಕ್ಷರಕ್ಕೆ ಅಂತರ್ಯಾಮಿಯೇ ಋಷಿ, ದೈವೀ ಗಾಯತ್ರಿ ಛಂದಸ್ಸು, ಶ್ರೀಮನ್ನಾರಾಯಣನು ದೇವತೆ. ಉದಯಸೂರ್ಯನಂತೆ ಬೆಳಗುವ, ಜ್ಞಾನಾನಂದವೇ ಶರೀರವಾದ, ಚಕ್ರ ಶಂಖ ಗದಾ ಪದ್ಮಗಳನ್ನು ಧರಿಸಿದ, ಲಕ್ಷ್ಮೀ ಭೂದೇವಿಯರಿಂದ ಕೂಡಿ ಬ್ರಹ್ಮವಾಯ್ವಾದಿಗಳಿಂದ ಸೇವಿತನಾದ ಪರಮಾತ್ಮನನ್ನು ಚಿಂತಿಸುತ್ತ ಜಪಿಸಬೇಕು. ಈ ಚಿಂತನೆಯೇ ಸೇರಿನೊಳಗಿನ ಕಾಳು. ಎಣಿಕೆಯು ಅದರ ಅಳತೆ ಮಾತ್ರ.

ಇದನ್ನು ಕೇಳಿಯೂ ನಾವು ಬಹುಕಾಲ ಬರಿದಾದ ಸೇರನ್ನೇ ಸುರಿದೆವು. ಕಡೆಗೆ ತೀರ್ಥರೂಪರು ಹಾಸಿಗೆ ಹಿಡಿದರು. ಮಾತು ನಿಂತಿತು, ತುಲಸೀಮಣಿಯ ಸರವು ಬೆರಳುಗಳಿಂದ ಜಾರಿತು. "ಜೀವಮಾನವೆಲ್ಲ ಜಪಿಸಿದವರ ಜಪ ಹೀಗೆ ನಿಂತುಹೋಯಿತೇ?" ಎಂದು ನಾವು ರಾತ್ರಿಯಿಡೀ ಅವರ ಬಳಿ ಕುಳಿತು ದುಃಖಿಸಿದೆವು. ಅವರ ಉಸಿರಾಟದ ಹೊರತು ಬೇರೆ ಸದ್ದಿರಲಿಲ್ಲ. ಆಗ ಪಾಠಶಾಲೆಯಲ್ಲಿ ಕಂಠಪಾಠ ಮಾಡಿ ಮರೆತಿದ್ದ ವಿಷಯವೊಂದು ನೆನಪಿಗೆ ಬಂದಿತು. ಶ್ರೀಮುಖ್ಯಪ್ರಾಣದೇವರು ಪ್ರತಿಯೊಂದು ಜೀವನಲ್ಲಿಯೂ ಇದ್ದು ಅಹೋರಾತ್ರಿಯಲ್ಲಿ 21,600 ಸಲ ಹಂಸಮಂತ್ರವನ್ನು ಜಪಿಸುತ್ತಾರೆ, ಘಳಿಗೆಗೆ 360ರಂತೆ. ಜೀವನು ನಿದ್ರಿಸಿದರೂ ಮರೆತರೂ ಆ ಜಪಕ್ಕೆ ಲೋಪವಿಲ್ಲ. ತೀರ್ಥರೂಪರ ಸರ ಜಾರಿತ್ತು, ಜಪ ನಿಂತಿರಲಿಲ್ಲ.

ಹಾಗಾದರೆ ನಾವು ಜಪಿಸುವುದೇತಕ್ಕೆ ಎಂದು ಕೇಳಬಹುದು. ಒಳಗಿದ್ದು ಮಾಡಿಸುವವನನ್ನು ಅರಿತು, ನಮ್ಮ ಅಲ್ಪ ಕರ್ಮವನ್ನು ಅವನಿಗೆ ಒಪ್ಪಿಸುವುದಕ್ಕೆ. ನಾನು ಮಾಡಿದೆನೆಂಬ ಹೆಮ್ಮೆ ಹೋದಲ್ಲಿ ಧ್ಯಾನಕ್ಕೆ ಎಡೆಯಾಗುತ್ತದೆ.

ಆದುದರಿಂದ ನೂರೆಂಟಕ್ಕೆ ಅವಕಾಶವಿಲ್ಲದವರು ಇಪ್ಪತ್ತೆಂಟನ್ನು, ಅದೂ ಆಗದವರು ಹತ್ತನ್ನಾದರೂ ಧ್ಯಾನಪೂರ್ವಕ ಜಪಿಸಲಿ. ಮಂತ್ರೋಪದೇಶವಿಲ್ಲದವರಿಗೆ ಹರಿನಾಮಸ್ಮರಣೆ ಇದೆ. ಅದಕ್ಕೆ ದೇಶಕಾಲಗಳ ಕಟ್ಟಿಲ್ಲ, ದುರ್ಗದಬೈಲಿನ ಜನಸಂದಣಿಯಲ್ಲಿ ಕೈಚೀಲ ಹಿಡಿದು ನಡೆಯುವಾಗಲೂ ಅದು ಸಲ್ಲುತ್ತದೆ. ಮಕ್ಕಳನ್ನು "ಎಷ್ಟು ಮಾಡಿದಿ?" ಎಂದು ಕೇಳುವ ನಾವು, "ಯಾರನ್ನು ನೆನೆದಿ?" ಎಂದೂ ಕೇಳೋಣ. ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.