ಮಹಜರು ಮುಗಿದ ಮೇಲೆ

ಬಸಪ್ಪ ದಾವಣಗೆರೆಯವರು, ಪೊಲೀಸ್ ಇಲಾಖೆಯಿಂದ ನಿವೃತ್ತರು. ಅವರ ತಂಗಿಯ ಮಗಳು ರೇಖಾ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೋಂಕು ನಿಯಂತ್ರಣದ ನರ್ಸ್ ಆಗಿದ್ದವಳು. ಈಗ ಕೊಲೆ, ಆತ್ಮಹತ್ಯೆ, ಒಂಟಿ ಸಾವು ನಡೆದ ಮನೆಗಳನ್ನು ಶುಚಿ ಮಾಡುವ ಕೆಲಸಕ್ಕೆ ಇಳಿದಿದ್ದಾಳೆ.

ಬಸಪ್ಪ: ಹೆತ್ತವರ ಮೈ ತೊಳೆಯೋದು ಮಕ್ಕಳು ಮಾಡೋ ಕೊನೇ ಸೇವೆ. ಅದನ್ನೂ ದುಡ್ಡು ಕೊಟ್ಟು ಮಾಡಿಸಿದರೆ ಮಕ್ಕಳಿಗೆ ಉಳಿಯೋದೇನಮ್ಮ?

ರೇಖಾ: ಮೈ ತೊಳೆಯೋದು ಬೇರೆ, ಮಾವ. ಅಲ್ಲಿ ಮುಖ ಇರುತ್ತೆ. ನೀರು ಹಾಕೋ ಕೈಗೆ ಇವರು ನಮ್ಮಪ್ಪ ಅಂತ ಗೊತ್ತಿರುತ್ತೆ. ನಾನು ಹೇಳ್ತಿರೋದು ಹೆಣವನ್ನು ಶವಾಗಾರಕ್ಕೆ ಸಾಗಿಸಿದ ಮೇಲೆ ನೆಲದಲ್ಲಿ ಉಳಿಯೋದರ ಮಾತು. ನೀವು ಮಹಜರು ಮುಗಿಸಿ, ಪಂಚರ ಸಹಿ ಹಾಕಿಸಿ, ಬೀಗದ ಕೈ ಕೊಟ್ಟು ಹೊರಡ್ತಿದ್ರಲ್ಲ, ಆಮೇಲೆ ಅಲ್ಲಿ ಬಕೆಟ್ ಹಿಡಿದೋರು ಯಾರು?

ಬಸಪ್ಪ: ಮನೆಯವರೇ. ಇಲ್ಲಾಂದ್ರೆ ಕೇರಿಯಿಂದ ಯಾರನ್ನಾದರೂ ಕರೆಸೋರು. ಒಂದು ಕ್ವಾರ್ಟರ್, ಕೈಗಿಷ್ಟು ದುಡ್ಡು. ಕುಡೀದೆ ಆ ಕೋಣೆಗೆ ಕಾಲಿಡೋಕಾಗ್ತಿರಲಿಲ್ಲ.

ರೇಖಾ: ಗಂಡನ ರಕ್ತವನ್ನು ಹೆಂಡತಿ ತಿಕ್ಕೋದರಲ್ಲಿ ಸೇವೆ ಎಲ್ಲಿದೆ? ಯಾರಿಗೂ ಯಾರೂ ಅಂಥ ಋಣ ಹೊತ್ತಿಲ್ಲ. ಹೇಗೆ ತೊಳೀಬೇಕು ಅಂತ ಅವಳಿಗೆ ಗೊತ್ತೂ ಇಲ್ಲ. ಮೊದಲು ಬಿಸಿನೀರು ಸುರೀತಾಳೆ, ಬಿಸಿಗೆ ರಕ್ತ ಹೆಪ್ಪಾಗಿ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಬ್ಲೀಚ್. ಅದಕ್ಕೂ ಹೋಗದಿದ್ದರೆ ಮೇಲೆ ಬಚ್ಚಲಿನ ಆಸಿಡ್. ಎರಡೂ ಸೇರಿದರೆ ಕ್ಲೋರಿನ್ ಅನಿಲ, ಮಾವ. ಮುಚ್ಚಿದ ಕೋಣೇಲಿ ಅದು ಇನ್ನೊಂದು ಜೀವ ತೆಗೀಬಹುದು.

ಬಸಪ್ಪ: ನೀವು ಹೇಗೆ ಮಾಡ್ತೀರಿ?

ರೇಖಾ: ಹೀರುವ ಬಟ್ಟೆಯಲ್ಲಿ ಎತ್ತಿ, ತಣ್ಣೀರು, ಸೋಪು ಹಾಕಿ ತೊಳೀತೀವಿ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ ನೋಡ್ತೀವಿ, ನೊರೆ ಎದ್ದರೆ ರಕ್ತ ಇನ್ನೂ ಇರಬಹುದು, ಮತ್ತೆ ತೊಳೀಬೇಕು. ಆ ಪೆರಾಕ್ಸೈಡನ್ನೂ ತೊಳೆದು ತೆಗೆದ ಮೇಲೇ ಬ್ಲೀಚ್, ಒಂದು ಪಾಲಿಗೆ ಒಂಬತ್ತು ಪಾಲು ನೀರು. 10 ನಿಮಿಷ ಒದ್ದೆಯಾಗಿಯೇ ಇರಬೇಕು. ರಕ್ತ ಇರುವಾಗಲೇ ಸುರಿದರೆ ಬ್ಲೀಚಿನ ಶಕ್ತಿಯೆಲ್ಲ ರಕ್ತದಲ್ಲೇ ಮುಗಿದುಹೋಗುತ್ತೆ. ಟೈಲ್ಸ್ ಸಂದಿಗೆ ಇಳಿದಿದ್ದರೆ ಟೈಲ್ಸೇ ಕೀಳಬೇಕು. ಹಾಸಿಗೆ ಕತ್ತರಿಸಿ ಹಳದಿ ಚೀಲಕ್ಕೆ ತುಂಬಿ ಸುಡೋಕೆ ಕಳಿಸ್ತೀವಿ. ಜನ ಹೆದರೋದು ವಾಸನೆಗೆ. ಹೆದರಬೇಕಾದ್ದು ಒಣಗಿ ಕಣ್ಣಿಗೂ ಬೀಳದ ಹನಿಗೆ, ಅದರಲ್ಲಿ ಹೆಪಟೈಟಿಸ್ ಬಿ ವೈರಸ್ 7 ದಿನವಾದರೂ ಬದುಕಿರಬಲ್ಲದು.

ಬಸಪ್ಪ: ಹಿರಿಯರು ಸೂತಕ ಅಂತ ದೂರ ಇಟ್ಟಿದ್ದು ಇದಕ್ಕೇ ಇರಬೇಕು.

ರೇಖಾ: ಹಾಗಂದುಕೊಂಡರೆ ನಮಗೆ ಸಲೀಸು. ಸೋಂಕು ತೊಳೆದರೆ ಹೋಗುತ್ತೆ. ಸೂತಕವನ್ನು ನಾವು ತೊಳೆದವನ ಮೇಲೇ ಹೊರಿಸಿ ಅವನ ಮಕ್ಕಳಿಗೂ ದಾಟಿಸಿದ್ವಿ. 12ನೇ ಶತಮಾನದ ಶರಣರು ಪಂಚಸೂತಕ ಇಲ್ಲ ಅಂದರಲ್ಲ, ಸಾವಿನ ಸೂತಕ, ಜಾತಿಯ ಸೂತಕ ಎರಡೂ ಆ ಐದರಲ್ಲೇ ಇದ್ದವು. ಒಂದು ಅಲ್ಲಾಡದೆ ಇನ್ನೊಂದು ಅಲ್ಲಾಡಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಜನ ಅದನ್ನು ನಂಬಿ ನಡೆದರು?

ಬಸಪ್ಪ: ಸರಿ. ಈಗ ನಿನ್ನ ಹತ್ತಿರ ಕೆಲಸಕ್ಕೆ ಬರೋರು ಯಾರು, ಹೇಳು. ಅದೇ ಕೇರಿಯ ಹುಡುಗರು. ಆಗ ಬರಿಗೈ, ಈಗ ಗ್ಲೌಸು. ಜಾತಿಗೇ ಯೂನಿಫಾರಂ ಹೊಲಿಸಿದ ಹಾಗಾಯ್ತು.

ರೇಖಾ: ಹೆಚ್ಚಿನವರು ಅಲ್ಲಿಂದಲೇ ಬರ್ತಾರೆ. ಆ ಅಪಾಯ ಇದ್ದೇ ಇದೆ, ತಡೆಯೋಕೆ ನಿಯಮ ಬೇಕು. ಅಮೆರಿಕದಲ್ಲಿ 1991ರಿಂದ ನಿಯಮ ಇದೆ, ರಕ್ತ ತಾಗುವಂಥ ಕೆಲಸದವರಿಗೆ ಮಾಲೀಕನೇ ಪುಕ್ಕಟೆ ಹೆಪಟೈಟಿಸ್ ಬಿ ಲಸಿಕೆ ಕೊಡಿಸಬೇಕು, ತರಬೇತಿ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮನೆ ಶುಚಿ ಮಾಡೋದನ್ನು ಕಸುಬಾಗಿ ಮಾಡೋರು ಆರೋಗ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆದರೆ ಕಾನೂನೊಂದೇ ಸಾಕಾಗಲ್ಲ. ಮಲ ಹೊರುವ ಪದ್ಧತಿ ವಿರುದ್ಧ 2013ರಲ್ಲಿ ಕಾಯ್ದೆ ಬಂತು, ಗುಂಡಿಗೆ ಇಳಿದವರು ಆಮೇಲೂ ಸತ್ತರು. ‘ಇವತ್ತು ಈ ಮನೆಗೆ ನಾನು ಬರಲ್ಲ’ ಅಂತ ಹುಡುಗ ಹೇಳಬಹುದಾ? ಹೇಳಿದ ಮೇಲೂ ಅವನ ಸಂಬಳ ಉಳಿಯುತ್ತಾ? ನಾನು ಅದನ್ನೇ ನೋಡೋದು. ಮತ್ತೆ, ನಾನೂ ಮಂಡಿಯೂರಿ ತಿಕ್ತೀನಿ. ಮೇಲ್ವಿಚಾರಣೆಗೆ ಮಾತ್ರ ಹೋದ ದಿನ ನಿಮ್ಮ ಮಾತು ಪೂರ್ತಿ ನಿಜವಾಗುತ್ತೆ.

ಬಸಪ್ಪ: ಇಷ್ಟು ಚೊಕ್ಕಟ ಮಾಡಿಬಿಟ್ಟರೆ, ಅಲ್ಲೊಬ್ಬ ಸತ್ತಿದ್ದೇ ಸುಳ್ಳು ಅನ್ನೋ ಹಾಗಾಗಲ್ವಾ?

ರೇಖಾ: ಕನ್ನಡಕ, ಡೈರಿ, ಹಾಲಿನ ಲೆಕ್ಕದ ಚೀಟಿ, ಎಲ್ಲ ಒರೆಸಿ ಎತ್ತಿಡ್ತೀವಿ. ಯಾವುದು ಇರಬೇಕು, ಯಾವುದು ಬೇಡ ಅಂತ ಮನೆಯವರು ಹೇಳ್ತಾರೆ. ಸತ್ತವರನ್ನು ನೆನೆಯೋಕೆ ಅವರಿಗೆ ಅಷ್ಟು ಬೇಕು. ಕಲೆ ದಾಟಿಕೊಂಡು ದಿನಾ ಅಡುಗೆಮನೆಗೆ ಹೋಗೋದು ಯಾಕೆ ಬೇಕು?

ಬಸಪ್ಪ: ಬಡವರ ಮನೆಯಾದರೆ ನಿನ್ನ ಬಿಲ್ ಯಾರು ಕಟ್ತಾರೆ?

ರೇಖಾ: ಅಲ್ಲೇ ನಾನು ಸೋಲ್ತಿರೋದು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಪರಾಧ ಸಂತ್ರಸ್ತರ ನಿಧಿಯಿಂದಲೇ ಇದಕ್ಕೂ ಹಣ ಸಿಗುತ್ತೆ. ನಮ್ಮ ರಾಜ್ಯದಲ್ಲೂ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಆ ಕುಟುಂಬ ರಾತ್ರಿ ಮಲಗಬೇಕಾದ ನೆಲ ತೊಳೆಯೋ ಖರ್ಚನ್ನೂ ಅದರೊಳಗೆ ತರಬೇಕು.

ಬಸಪ್ಪ: 2024ರಲ್ಲಿ ಜಾರಿಗೆ ಬಂದ ಕಾನೂನಲ್ಲಿ, 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಕೇಸಾದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಬರಬೇಕು ಅಂತಿದೆ. ಸಾಕ್ಷ್ಯ ಎತ್ತೋಕೆ ಅಷ್ಟು ಜನ, ಆಮೇಲೆ ತೊಳೆಯೋಕೆ ಯಾರೂ ಇಲ್ಲ. ನಾನೂ ಬಾಗಿಲು ಯಾವ ದಿಕ್ಕಿಗೆ, ಕಿಟಕಿ ಎಷ್ಟು ಅಂತ ಬರೀತಿದ್ದೆ. ಮಹಜರಿನ ಕೊನೇಲಿ ಇನ್ನೊಂದು ಸಾಲು ಬೇಕು: ಈ ಜಾಗವನ್ನು ಯಾರ ವಶಕ್ಕೆ, ಯಾವ ಸ್ಥಿತಿಯಲ್ಲಿ ಕೊಟ್ಟೆವು ಅಂತ.

ರೇಖಾ: ಶುಚಿ ಮಾಡಿದವರ ಹೆಸರು, ಕೊಟ್ಟ ಸಂಬಳ, ಲಸಿಕೆ ಹಾಕಿಸಿದ ದಿನಾಂಕವೂ ಬೇಕು.

ಬಸಪ್ಪ: ಹಾಗೆ ಬರೆದರೆ ಹಣ ಕೊಡಬೇಕಾಗುತ್ತೆ. ಮೇಲಿನವರು ಒಪ್ಪಲ್ಲ.

ರೇಖಾ: ಯಾಕೆ ಒಪ್ಪಲ್ಲ ಅಂತ ಬರವಣಿಗೆಯಲ್ಲಿ ಕೊಡಲಿ. ಅರ್ಜಿಯ ಭಾಷೆ ನಿಮಗೆ ಬರುತ್ತೆ ಮಾವ, ನೀವು ಬರೀರಿ. ಮೊದಲ ಸಹಿ ನಾನು ಹಾಕ್ತೀನಿ.